ನೆಲ ನಿಮ್ದು, ಅಟ್ಟ ನಮ್ದು

ಫೋನು ಬಂದಾಗ ಕೃಷ್ಣಕುಮಾರನ ಬಲಗೈ ಒಂದು ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹೊಟ್ಟೆಯೊಳಗಿತ್ತು. ಎಡಗೈಯಲ್ಲಿ ಫೋನು ಎತ್ತಿ ಹೆಸರು ನೋಡಿದವನು ಬಲಗೈ ಹೊರಗೆ ತೆಗೆಯುವುದನ್ನೇ ಮರೆತ. ಫೋನು ಮಾಡಿದ್ದವರು ಹುಳಿಯಾರಿನ ಹತ್ತಿರದ ಹಟ್ಟಿಯ ಚಿತ್ತಣ್ಣ. ಹತ್ತು ದಿನದ ಹಿಂದೆ ಅವರ ಮಗಳು ಮಂಜುಶ್ರೀಯನ್ನು ಇವನು ನೋಡಿ ಬಂದಿದ್ದ.

ಚಿತ್ತಣ್ಣ ಮಾತಿನಲ್ಲೂ ಉಳಿತಾಯದ ಮನುಷ್ಯ. ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಬಂದಿದ್ದೇನೆ, ಅಕ್ಕ ಕ್ಯಾತಮ್ಮನೂ ಜೊತೆಗಿದ್ದಾಳೆ, ಇದಕ್ಕೆ ಅಂತ ಇನ್ನೊಂದು ಸಲ ಬಸ್ ಚಾರ್ಜು ಯಾಕೆ ದಂಡ ಮಾಡಬೇಕು ಎಂದರು.

"ಮೂರು ಗಂಟೆ ಮೇಲೆ ಅಂಗೇ ಮನೆ ನೋಡ್ಕಂಡು ಹೋಗ್ತೀವಿ ಕಣಪ್ಪ."

"ಬನ್ನಿ ಮಾವ, ಬನ್ನಿ," ಎಂದ ಕೃಷ್ಣಕುಮಾರ.

ಫೋನು ಜೇಬಿಗೆ ಹಾಕಿದ ಮೇಲೆ ನೆನಪಾಯಿತು. ಅವರು ನೋಡುವುದಕ್ಕೆ ಮನೆ ಇರಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಮುಗಿದು ಎರಡೂ ಕಡೆ ಅರ್ಧ ಮನಸ್ಸಾದ ಮೇಲೆ, ಹೆಣ್ಣಿನವರು ಗಂಡಿನ ಮನೆ ನೋಡಲು ಬರುವುದು ಆ ಸೀಮೆಯ ಪದ್ಧತಿ. ಹುಡುಗನನ್ನು ಹತ್ತು ನಿಮಿಷ ನೋಡುತ್ತಾರೆ, ಮನೆಯನ್ನು ಒಂದು ಗಂಟೆ. ನೀರು ನೋಡುತ್ತಾರೆ, ಹಿತ್ತಲು ನೋಡುತ್ತಾರೆ. ಅದಕ್ಕೂ ಮೊದಲು ಹೊಸ್ತಿಲು ದಾಟುತ್ತಿದ್ದಂತೆ ತಲೆಯೆತ್ತಿ ಅಟ್ಟ ನೋಡುತ್ತಾರೆ. ಬ್ಯಾಂಕಿನ ಪಾಸ್‌ಬುಕ್ ಸುಳ್ಳು ಹೇಳಬಹುದು, ಅಟ್ಟ ಹೇಳುವುದಿಲ್ಲ. ಮರದಿಂದ ಇಳಿಸಿದ ಕಾಯಿ ಕೊಬ್ಬರಿಯಾಗಬೇಕಾದರೆ ವರ್ಷದ ಹತ್ತಿರ ಅಟ್ಟದ ಮೇಲೆ ಮಲಗಬೇಕು. ಅಷ್ಟು ದಿನ ಮಾರದೆ ಸುಮ್ಮನೆ ಇಟ್ಟುಕೊಂಡು ಕೂರುವ ತಾಕತ್ತು ಯಾರಿಗಿದೆಯೋ ಅವನೇ ಅಲ್ಲಿ ಸ್ಥಿತಿವಂತ.

ಕೃಷ್ಣಕುಮಾರನಿಗೂ ಒಂದು ಅಟ್ಟವಿತ್ತು. ಅದು ಅವನು ಕೆಲಸ ಮಾಡುವ ಮೋಟಾರ್ ವೈಂಡಿಂಗ್ ಅಂಗಡಿಯ ಅಟ್ಟ. ಅಲ್ಲಿ ತಾಮ್ರದ ತಂತಿಯ ಸುರುಳಿಗಳ ನಡುವೆ ಅವನೂ ಜೊತೆ ಕೆಲಸದ ಸೂರ್ಯಪ್ರಕಾಶನೂ ಆರು ವರ್ಷದಿಂದ ಮಲಗುತ್ತಿದ್ದರು. ಎದ್ದು ಕೂತರೆ ತಲೆಗೆ ತಗಡು ತಗಲುತ್ತಿತ್ತು. ಹಾಗಾಗಿ ಇಬ್ಬರೂ ಕನಸು ಬಿದ್ದರೂ ಬೆಚ್ಚಿ ಏಳದ ಅಭ್ಯಾಸ ಮಾಡಿಕೊಂಡಿದ್ದರು.

ಈ ಫಜೀತಿಗೆಲ್ಲ ಕಾರಣ ಬ್ರೋಕರ್ ಹುಚ್ಚರಂಗಯ್ಯನ ಬಾಯಿಂದ ಬಿದ್ದ ಒಂದೇ ಒಂದು ಮಾತು. ಹುಡುಗ ಎಲ್ಲಿರೋದು ಎಂದು ಚಿತ್ತಣ್ಣ ಕೇಳಿದಾಗ ಹುಚ್ಚರಂಗಯ್ಯ ಎಲೆಅಡಿಕೆ ಕೆನ್ನೆಗೆ ಒತ್ತರಿಸಿ, "ತಿಪಟೂರಲ್ಲೇ ಮನೆ ಮಾಡ್ಕಂಡವ್ನೆ" ಎಂದಿದ್ದ. ಈ ಮಾತಿಗೆ ಮನೆ ಕಟ್ಟಿಸಿದ್ದಾನೆ ಎಂದೂ ಅರ್ಥವಿದೆ, ಬಾಡಿಗೆಗೆ ಹಿಡಿದಿದ್ದಾನೆ ಎಂದೂ ಇದೆ, ಎಲ್ಲೋ ಬಿದ್ದುಕೊಳ್ಳುತ್ತಾನೆ ಎಂದೂ ಇದೆ. ಚಿತ್ತಣ್ಣ ಮೊದಲನೆಯದನ್ನು ಹಿಡಿದುಕೊಂಡರು. ಕೃಷ್ಣಕುಮಾರ ತಿದ್ದಬೇಕೆಂದು ಬಾಯಿ ತೆರೆದದ್ದು ನಿಜ. ಅದೇ ಹೊತ್ತಿಗೆ ಮಂಜುಶ್ರೀ ಉಪ್ಪಿಟ್ಟಿನ ತಟ್ಟೆ ತಂದು ಕೊಟ್ಟಳು. ವಾರ್ನಿಷ್ ಹತ್ತಿ ಕಪ್ಪಾಗಿದ್ದ ಅವನ ಬೆರಳುಗಳನ್ನು ನೋಡಿ ಸ್ವಲ್ಪ ನಕ್ಕಳು. ಮೂವತ್ತೊಂದು ವರ್ಷದ ಅವನು ನೋಡಿದ ಹನ್ನೊಂದನೇ ಹುಡುಗಿ ಅವಳು, ನಕ್ಕವರಲ್ಲಿ ಮೊದಲನೆಯವಳು. ತೆರೆದ ಬಾಯಿಗೆ ಉಪ್ಪಿಟ್ಟು ಹೋಯಿತು. ತಿದ್ದುಪಡಿಯೂ ಅದರ ಜೊತೆಗೇ ಒಳಗೆ ಹೋಯಿತು.

ಹುಚ್ಚರಂಗಯ್ಯ ಹೆಣ್ಣೂ ತೋರಿಸುತ್ತಿದ್ದ, ಮನೆಯೂ ತೋರಿಸುತ್ತಿದ್ದ. ಎರಡಕ್ಕೂ ಒಂದೇ ನೋಟ್‌ಬುಕ್ಕು. ಮುಂದಿನಿಂದ ತೆರೆದರೆ ಹುಡುಗಿಯರು, ಹಿಂದಿನಿಂದ ತೆರೆದರೆ ಬಾಡಿಗೆ ಮನೆಗಳು. ನಡುವಿನ ಹಾಳೆಗಳಲ್ಲಿ ಅವನಿಗೇ ಕೆಲವು ಸಲ ಗೊಂದಲವಾಗುತ್ತಿತ್ತು. "ಎರಡೂ ಒಂದೇ ಕಣ್ಲಾ, ನೋಡಿ ಬರೋವರ್ಗೂ ಚೆನ್ನಾಗಿರ್ತವೆ" ಎನ್ನುವುದು ಅವನ ಇಪ್ಪತ್ತು ವರ್ಷದ ಅನುಭವ. ಕೃಷ್ಣಕುಮಾರ ಫೋನಿನಲ್ಲಿ ಬಿಕ್ಕಿದ್ದು ಕೇಳಿ ಅವನು ಮೊಪೆಡ್ಡಿನಲ್ಲಿ ಬಂದು ಅಂಗಡಿ ಮುಂದೆ ನಿಂತಾಗ ಹತ್ತೂವರೆ.

ಬೆಂಗಳೂರಲ್ಲಿ ಮನೆ ಸಿಗುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ತಿಪಟೂರಲ್ಲೂ ಸಿಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಅದನ್ನು ಹುಡುಕಿಕೊಂಡು ಹೊರಟವನೇ ಕಂಡುಕೊಳ್ಳಬೇಕು.

ಮೊದಲನೇ ಮನೆ ರೈಲ್ವೆ ಸ್ಟೇಷನ್ ಹಿಂದೆ. ಮನೆಯ ಯಜಮಾನಿ ಗ್ರಿಲ್ಲಿನ ಬಾಗಿಲು ತೆಗೆಯದೆ, ಜೈಲಿನಲ್ಲಿ ಇವರಿಬ್ಬರನ್ನು ಭೇಟಿಗೆ ಕರೆಸಿದವರ ಹಾಗೆ ಒಳಗಿಂದಲೇ ಕೇಳಿದರು.

"ಫ್ಯಾಮಿಲಿನಾ?"

"ಆಗೋದ್ರಲ್ಲಿದೀವಿ," ಎಂದ ಕೃಷ್ಣಕುಮಾರ.

"ಆದ್ಮೇಲೆ ಬನ್ನಿ."

ಹೆಂಡತಿ ಇಲ್ಲದವನಿಗೆ ಮನೆ ಇಲ್ಲ, ಮನೆ ಇಲ್ಲದವನಿಗೆ ಹೆಂಡತಿ ಇಲ್ಲ ಎನ್ನುವ ವಿಷಯ ಕೃಷ್ಣಕುಮಾರನಿಗೆ ಆ ಗ್ರಿಲ್ಲಿನ ಮುಂದೆ ಹೊಳೆಯಿತು. ಹುಚ್ಚರಂಗಯ್ಯನಿಗೆ ಮೊದಲೇ ಗೊತ್ತಿತ್ತಂತೆ. ಅದರಿಂದಲೇ ತನ್ನ ನೋಟ್‌ಬುಕ್ಕಿನ ಎರಡೂ ಕಡೆ ಹಾಳೆ ತುಂಬುವುದು ಎಂದ.

ಎರಡನೆಯದು ಹೊಸ ಅಪಾರ್ಟ್‌ಮೆಂಟು. ಮೂರಂತಸ್ತು, ಬಾಗಿಲಿಗೆ ಮೀನಿನ ಕಣ್ಣಿನಂಥ ಗಾಜು, ಗೋಡೆಗೆ ಮಾವಿನಹಣ್ಣಿನ ಬಣ್ಣ. ಮಾಲೀಕ ಬಸವರಾಜಪ್ಪ ಬೆಳಗಿನಿಂದ ನೀರು ಮೇಲೆ ಹತ್ತುತ್ತಿಲ್ಲವೆಂದು ತಲೆಗೆ ಟವಲು ಸುತ್ತಿಕೊಂಡು ಸಂಪಿನ ಮುಂದೆ ಕೂತಿದ್ದರು. ಬಂದವನು ಮೋಟಾರ್ ಕೆಲಸದವನು ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು. ಹುಚ್ಚರಂಗಯ್ಯ ಕಣ್ಣು ಮಿಟುಕಿಸಿದ. ಕೃಷ್ಣಕುಮಾರ ಪ್ಯಾಂಟು ಮಡಿಸಿ ಸಂಪಿಗೆ ಇಳಿದ. ಒಂದು ಗಂಟೆ ಹದಿನೈದು ನಿಮಿಷ ಆದ ಮೇಲೆ ನೀರು ಮೂರನೇ ಅಂತಸ್ತಿಗೆ ಹತ್ತಿತು. ಬಸವರಾಜಪ್ಪ ಕಾಫಿ ಕೊಟ್ಟರು, ಬೆನ್ನು ತಟ್ಟಿದರು, ಬಾಡಿಗೆ ಹೇಳಿದರು. ಅದು ಕೃಷ್ಣಕುಮಾರನ ಸಂಬಳಕ್ಕಿಂತ ಇನ್ನೂರು ರೂಪಾಯಿ ಕಡಿಮೆ ಇತ್ತು. ಇನ್ನೂರರಲ್ಲಿ ತಿಂಗಳೆಲ್ಲ ಊಟ ಮಾಡುವುದು ಹೇಗೆ ಎಂದು ಹುಚ್ಚರಂಗಯ್ಯ ವಿವರಿಸುವ ಮೊದಲೇ ಕೃಷ್ಣಕುಮಾರ ಆಗಲಿ ಎಂದುಬಿಟ್ಟ.

"ಸಂಸಾರ ಯಾವಾಗ ಕರ್ಕೊಂಡ್ ಬರ್ತೀಯಪ್ಪ?" ಎಂದರು ಬಸವರಾಜಪ್ಪ.

ಸುಳ್ಳು ಹೇಳಲು ಬಾರದ ಕೃಷ್ಣಕುಮಾರ ನೆಲ ನೋಡಿದ. ಬಸವರಾಜಪ್ಪ ಖಾಲಿ ಲೋಟ ಅವನ ಕೈಯಿಂದ ಇಸಿದುಕೊಂಡರು. ಬ್ಯಾಚುಲರುಗಳಿಗೆ ಕೊಡುವುದಿಲ್ಲ, ಬೇಜಾರು ಮಾಡಿಕೋಬೇಡ, ಮೋಟಾರ್ ಕೆಟ್ಟರೆ ಮಾತ್ರ ನಿನ್ನನ್ನೇ ಕರೆಯುತ್ತೇನೆ ಎಂದು ನಂಬರು ಬರೆದುಕೊಂಡರು.

ಮೂರನೇ ಮನೆಗೆ ಹೋಗುವಾಗ ಹನ್ನೆರಡೂ ಮುಕ್ಕಾಲು. ದಾರಿಯಲ್ಲಿ ಹುಚ್ಚರಂಗಯ್ಯ, ಇನ್ನು ನೀನು ಬಾಯಿ ತೆಗೀಬೇಡ, ತೆಗೆದರೆ ನಾನು ವಾಪಸ್ ಹೋಗುತ್ತೇನೆ ಎಂದು ಆಣೆ ಹಾಕಿಸಿಕೊಂಡ.

ಅದು ಹಳೆಯ ಕಾಲದ ಉದ್ದನೆಯ ಹೆಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂಭಾಗದಲ್ಲಿ ಕೊಬ್ಬರಿ ವ್ಯಾಪಾರದ ಮಲ್ಲಿಕಾರ್ಜುನಯ್ಯನವರೂ ಅವರ ಹೆಂಡತಿ ಗುರುಶಾಂತಮ್ಮನವರೂ ಇದ್ದರು. ಹಿಂಭಾಗ ಬಾಡಿಗೆಗೆ. ಯಜಮಾನರು ಹರಾಜಿಗೆ ಹೋಗಿದ್ದರು. ಗುರುಶಾಂತಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ವಿಚಾರಣೆ ನಡೆಸಿದರು.

"ನೀವು ಅದು ತಿಂತೀರಾ?"

"ಯಾವ್ದು?" ಎಂದ ಹುಚ್ಚರಂಗಯ್ಯ.

"ಅದೇ."

"ಇವ್ನು ಉಪ್ಪಿಟ್ಟು ಬಿಟ್ರೆ ಏನೂ ತಿನ್ನಲ್ಲ ತಾಯಿ."

"ಹೆಂಡ್ತಿ ಎಲ್ಲಿ?"

"ತವರಲ್ಲವ್ಳೆ," ಎಂದ ಹುಚ್ಚರಂಗಯ್ಯ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಜುಶ್ರೀ ಆ ಗಳಿಗೆಯಲ್ಲಿ ತನ್ನ ಅಪ್ಪನ ಮನೆಯಲ್ಲೇ ಇದ್ದಳು.

"ಬಾಣಂತನಕ್ಕಾ?"

ಹುಚ್ಚರಂಗಯ್ಯನಿಗೆ ಎಲೆಅಡಿಕೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಕೆಮ್ಮಿದಾಗ ತಲೆ ಮೇಲೆ ಕೆಳಗೆ ಆಡಿತು. ಗುರುಶಾಂತಮ್ಮನವರ ಮುಖ ಬೆಣ್ಣೆಯಾಯಿತು. ಅವರಿಗೆ ಮಕ್ಕಳಿರಲಿಲ್ಲ. ಬೀಗದ ಕೈ ಸೊಂಟದಿಂದ ತಾನಾಗಿ ಈಚೆ ಬಂತು.

ಬಾಡಿಗೆ ನಂಬಲಾಗದಷ್ಟು ಕಡಿಮೆ ಇತ್ತು. ಯಾಕೆ ಎನ್ನುವುದು ಬಾಗಿಲು ತೆರೆದಾಗ ತಿಳಿಯಿತು. ನಡುಮನೆಯ ಮಧ್ಯಕ್ಕೆ ಒಂದು ಮರದ ಏಣಿ, ಏಣಿಯ ಮೇಲೆ ಅಟ್ಟ. ಅಟ್ಟದ ತುಂಬ, ಹಲಗೆ ಬಾಗುವಷ್ಟು, ತೆಂಗಿನಕಾಯಿ. ಹಿಂದೆ ಇದ್ದ ಮೂರು ಸಂಸಾರಗಳು ಒಂದೊಂದು ವರ್ಷವೂ ನಿಂತಿರಲಿಲ್ಲವಂತೆ. ಮೇಲಿಂದ ಸಾರಿಗೆ ಧೂಳು ಉದುರುತ್ತಿತ್ತು. ಇಲಿಗಳು ಓಡಿದರೆ ಕಾಯಿ ಉರುಳಿ ಗುಡುಗಿದ ಹಾಗಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮಲ್ಲಿಕಾರ್ಜುನಯ್ಯ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಾಡಿಗೆಯವರು ಊಟಕ್ಕೆ ಕೂತಿರಲಿ, ತಲೆಗೆ ಎಣ್ಣೆ ಹಚ್ಚಿಕೊಂಡಿರಲಿ, ನಡುವೆ ಹಾದು ಏಣಿ ಹತ್ತಿ ಕಾಯಿ ಅಲ್ಲಾಡಿಸಿ ಕಿವಿಗೊಟ್ಟು ಕೇಳಿ ಇಳಿಯುತ್ತಿದ್ದರು. ಕಾಯಿಯೊಳಗೆ ಕೊಬ್ಬರಿ ಕಳಚಿಕೊಂಡಿದ್ದರೆ ಸದ್ದು ಬರುತ್ತದೆ. ಬರದಿದ್ದರೆ ಇನ್ನೂ ಆಗಿಲ್ಲ ಅಂತ ಲೆಕ್ಕ.

"ನೆಲ ನಿಮ್ದು, ಅಟ್ಟ ನಮ್ದು. ಏಣಿ ಮುಟ್ಟಂಗಿಲ್ಲ," ಎಂದರು ಗುರುಶಾಂತಮ್ಮ.

ಕೃಷ್ಣಕುಮಾರ ಒಪ್ಪಿದ. ಮದುವೆಗೆಂದು ಕೂಡಿಟ್ಟಿದ್ದರಲ್ಲಿ ಅರ್ಧ ಅಡ್ವಾನ್ಸಿಗೆ ಹೋಯಿತು. ಸಂಜೆಗೆ ಮುಂಚೆ ಮಾವ ಮನೆ ನೋಡಲು ಬರುತ್ತಾರೆ ಎಂದು ಅಳುಕುತ್ತಲೇ ತಿಳಿಸಿದ. ಗುರುಶಾಂತಮ್ಮನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಸಿ ಬಾಣಂತಿಯನ್ನು ಕಳಿಸುವ ಮುಂಚೆ ಹೆತ್ತವರು ಬಂದು ನೋಡಿಕೊಂಡು ಹೋಗದೆ ಇರುತ್ತಾರಾ ಎಂದರು.

ಎರಡು ಗಂಟೆಗೆ ಸೂರ್ಯಪ್ರಕಾಶ ಗೂಡ್ಸ್ ಆಟೋದಲ್ಲಿ ಸಂಸಾರ ತಂದ. ಒಂದು ಸ್ಟವ್, ಎರಡು ಪಾತ್ರೆ, ಅಂಗಡಿ ಗೋಡೆಯ ದೇವರ ಪಟ, ಕ್ಯಾಲೆಂಡರು. ಕೂರಲು ಏನೂ ಇಲ್ಲವಲ್ಲ ಎಂದು ರಿಪೇರಿಗೆ ಬಂದಿದ್ದ ಮೂರು ಮೋಟಾರುಗಳನ್ನೂ ಹೇರಿಕೊಂಡು ಬಂದಿದ್ದ. ಅವನ್ನು ಸಾಲಾಗಿ ಮಲಗಿಸಿ ಮೇಲೆ ಹಲಗೆ ಹಾಕಿ ಹೂವಿನ ಬೆಡ್‌ಶೀಟು ಹೊದಿಸಿದರೆ ದೂರದಿಂದ ಸೋಫಾ, ಹತ್ತಿರದಿಂದ ಹೆಣ. "ದೂರದಿಂದ್ಲೇ ನೋಡ್ಲಿ ಬುಡು," ಎಂದ ಸೂರ್ಯಪ್ರಕಾಶ.

ಎದುರು ಮನೆಯ ರಾಧಾಮಣಿ ಕಾಂಪೌಂಡಿನ ಮೇಲೆ ಗಲ್ಲವಿಟ್ಟು ಎಲ್ಲವನ್ನೂ ನೋಡುತ್ತಿದ್ದಳು. ಗುರುಶಾಂತಮ್ಮ ಆಗಲೇ ಅವಳಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಪಾಪು ಬರುವ ಮನೆಗೆ ತೊಟ್ಟಿಲು ತಂದಿಲ್ಲವಲ್ಲ, ಗಂಡಸರ ಬುದ್ಧಿಯೇ ಇಷ್ಟು ಎಂದಳು. ತಮ್ಮ ಮನೆಯ ತೊಟ್ಟಿಲು ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ ಎಂದೂ ಹೇಳಿದಳು. ಕೃಷ್ಣಕುಮಾರ ಆಗ ಯಾವುದನ್ನೂ ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೂಂ ಎಂದ. ಆ ದಿನ ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ.

ಮೂರೂ ಹತ್ತಕ್ಕೆ ಚಿತ್ತಣ್ಣ ಕ್ಯಾತಮ್ಮನ ಜೊತೆ ಬಂದರು. ಹೊಸ ಮನೆಗೆ ಹಾಲು ಉಕ್ಕಿಸಬೇಕೆಂದು ಗುರುಶಾಂತಮ್ಮ ಕಳಿಸಿದ್ದ ಹಾಲು ಅದೇ ಹೊತ್ತಿಗೆ ಉಕ್ಕಿ ಸ್ಟವ್ ಆರಿಹೋಯಿತು. ಕ್ಯಾತಮ್ಮ ಅದನ್ನು ಶುಭ ಎಂದುಕೊಂಡಳು. ಚಿತ್ತಣ್ಣ ಅದನ್ನು ನೋಡಲೇ ಇಲ್ಲ. ಅವರ ಕತ್ತು ಹೊಸ್ತಿಲಲ್ಲೇ ಮೇಲಕ್ಕೆ ಹೊರಳಿ, ಬಾಗಿಲಿಗೆ ಸಿಕ್ಕಿಸಿದ ಮಾವಿನ ಸೊಪ್ಪಿನ ಹಾಗೆ ಅಲ್ಲೇ ನಿಂತಿತ್ತು.

ಅವರು ಏನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿದರು. ಏಣಿ ಮುಟ್ಟಂಗಿಲ್ಲ ಎನ್ನುವ ಮಾತು ಕೃಷ್ಣಕುಮಾರನ ಬಾಯಿಗೆ ಬರುವಷ್ಟರಲ್ಲಿ ಅವರ ಹಿಮ್ಮಡಿಗಳು ಅಟ್ಟದಲ್ಲಿ ಮಾಯವಾದವು. ಮೇಲೆ ಹಲಗೆ ಕಿರುಗುಟ್ಟಿತು. ಧೂಳು ಹಾಲಿನ ಪಾತ್ರೆಗೆ ಉದುರಿತು. ಆಮೇಲೆ ದೂರದ ಮೂಲೆಯಿಂದ ಕಾಯಿ ಅಲ್ಲಾಡಿಸುವ ಸದ್ದು ಬಂತು. ಒಂದು, ಇನ್ನೊಂದು, ಮತ್ತೊಂದು. ಕೆಳಗೆ ಕ್ಯಾತಮ್ಮ ಹತ್ತು ಹೆಚ್.ಪಿ. ಮೋಟಾರಿನ ಮೇಲೆ ಕೂತು, ಬಾಯಿಗೆ ಸೆರಗು ಇಟ್ಟುಕೊಂಡು, ಹರಿಕಥೆ ಕೇಳುವವಳ ಹಾಗೆ ಆ ಸದ್ದನ್ನೇ ಕೇಳುತ್ತಿದ್ದಳು.

ಗುರುಶಾಂತಮ್ಮ ಕಾಫಿ ತಂದದ್ದು ಆಗಲೇ. ಮೇಲೆ ಚಿತ್ತಣ್ಣ ಯಾವುದೋ ಕಾಯಿಯನ್ನು ಮೂಸಿ ನೋಡುತ್ತಿದ್ದಿರಬೇಕು, ಸದ್ದು ನಿಂತಿತ್ತು. ಏಣಿಯ ಬುಡದಲ್ಲಿ ಚಿತ್ತಣ್ಣ ಬಿಟ್ಟಿದ್ದ ಚಪ್ಪಲಿಗಳು ಅವರಿಗೆ ಕಾಣದಿರಲೆಂದು ಕೃಷ್ಣಕುಮಾರ ಅವುಗಳ ಮೇಲೆ ಹತ್ತಿ ನಿಂತ. ಗುರುಶಾಂತಮ್ಮ ಕ್ಯಾತಮ್ಮನ ಪಕ್ಕ ಕೂತು ಸುಖದುಃಖ ವಿಚಾರಿಸಿದರು. ಹಸುಗೂಸಿನ ಮಾತನ್ನು ಅವರು ನೇರವಾಗಿ ಎತ್ತುವವರಲ್ಲ, ದೃಷ್ಟಿಯಾಗುತ್ತದೆ. ದನಿ ತಗ್ಗಿಸಿ ಇಷ್ಟು ಮಾತ್ರ ಕೇಳಿದರು.

"ಎಷ್ಟು ತಿಂಗಳಾಯ್ತು?"

ಕ್ಯಾತಮ್ಮನ ಕಣ್ಣು ಅಟ್ಟದ ಮೇಲೇ ಇತ್ತು.

"ಹತ್ತು ತುಂಬಿರ್ಬೇಕು ಕಣವ್ವ. ಸದ್ದಲ್ಲೇ ಗೊತ್ತಾಯ್ತದಲ್ಲ."

"ಅಳುತ್ತಾ ತುಂಬಾ?"

ಕ್ಯಾತಮ್ಮನಿಗೆ ಅದು ಅಲ್ಲಾಡುತ್ತಾ ಎಂದು ಕೇಳಿಸಿತು. "ಅಲ್ಲಾಡುಸ್ದ್ರೆ ಒಳ್ಗೆ ಲೊಡಲೊಡ ಅಂತೈತೆ," ಎಂದಳು ಸಮಾಧಾನದಿಂದ.

ಗುರುಶಾಂತಮ್ಮ ಕಾಫಿ ಲೋಟ ಕೆಳಗಿಟ್ಟರು. "ಹಂಗೆಲ್ಲ ಅಲ್ಲಾಡಿಸಬಾರ್ದು ಕಣಮ್ಮ."

"ಅಲ್ಲಾಡುಸ್ದೆ ಹೆಂಗವ್ವ ಗೊತ್ತಾಗೋದು? ನಮ್ಮ ಹಟ್ಟೀಲಿ ದಿನಾ ಎರಡೊತ್ತು ಅಲ್ಲಾಡುಸ್ತೀವಿ. ಸದ್ದು ಬರ್ದಿದ್ರೆ ಇನ್ನಾ ಎಲ್ಡು ತಿಂಗ್ಳು ಹೊಗೆಗೆ ಮಡುಗ್ತೀವಿ."

ಗುರುಶಾಂತಮ್ಮ ಎದ್ದರು. ಬಾಗಿಲವರೆಗೂ ಹಿಂದೆ ಹಿಂದೆ ನಡೆದು, ಕೃಷ್ಣಕುಮಾರನನ್ನು ಕಣ್ಣಲ್ಲೇ ಹತ್ತಿರ ಕರೆದು, ಅವನ ಕಿವಿಯಲ್ಲಿ ಹೇಳಿದರು.

"ಒಂದು ದಿನಾನೂ ಬಿಡಬೇಡ ಕಣಪ್ಪ ಅಲ್ಲಿ. ಇವತ್ತೇ ಹೋಗಿ ಕರ್ಕೊಂಡ್ ಬಾ."

ಅವರು ಹೋದ ಬೆನ್ನಿಗೆ ಚಿತ್ತಣ್ಣ ಇಳಿದು ಬಂದರು. ತಲೆಗೆ ಜೇಡರ ಬಲೆಯ ಪೇಟ, ಕೈಯಲ್ಲೊಂದು ಕಾಯಿ. ಮಗಳನ್ನು ಕೊಡುವ ಮನಸ್ಸು ಅವರ ಮುಖದಲ್ಲಿ ಬರೆದಿಟ್ಟ ಹಾಗಿತ್ತು. ಹತ್ತು ಸಾವಿರಕ್ಕೆ ಕಮ್ಮಿ ಇಲ್ಲ ಎಂದರು. ಆಮೇಲೆ ಭಾವೀ ಅಳಿಯನ ಕಡೆ ತಿರುಗಿ, ದನಿಯಲ್ಲಿ ಮೊದಲ ಸಲ ಗೌರವ ಸೇರಿಸಿ ಕೇಳಿದರು.

"ಇವೆಲ್ಲ...?"

ಕೃಷ್ಣಕುಮಾರನಿಗೆ ಉಪ್ಪಿಟ್ಟಿನ ತಟ್ಟೆ ನೆನಪಾಯಿತು.

"ಮನೇದೇ ಮಾವ," ಎಂದ.

ಆ ಮಾತಿನಲ್ಲೂ ಸುಳ್ಳೇನೂ ಇರಲಿಲ್ಲ. ಹುಚ್ಚರಂಗಯ್ಯನ ಮೊಪೆಡ್ಡಿನ ಹಿಂದೆ ಅರ್ಧ ದಿನ ಕೂತದ್ದಕ್ಕೆ ಅಷ್ಟು ವಿದ್ಯೆ ಹತ್ತಿತ್ತು.

ಕ್ಯಾತಮ್ಮ ಫೋನಿನಲ್ಲಿ ಮಂಜುಶ್ರೀಯನ್ನು ಹಿಡಿದು ಮನೆ ತೋರಿಸಿದಳು. ಸ್ಟವ್ ತೋರಿಸಿದಳು, ದೇವರ ಪಟ ತೋರಿಸಿದಳು, ಸೋಫಾವನ್ನು ದೂರದಿಂದ ತೋರಿಸಿದಳು. ಪುಟ್ಟ ಪರದೆಯಲ್ಲಿ ಮಂಜುಶ್ರೀಯ ಮುಖ ಎಲ್ಲದಕ್ಕೂ ಸಣ್ಣಗೆ ನಗುತ್ತಿತ್ತು. ಕೊನೆಗೆ ಕ್ಯಾತಮ್ಮ ಫೋನನ್ನು ಮೇಲಕ್ಕೆ ಹಿಡಿದಳು.

"ಅಟ್ಟದಾಗೇನತ್ತೆ ಅದು?"

"ಕಾಯಿ ಕಣೇ. ಒಂದಿಂಚು ಜಾಗ ಇಲ್ದಂಗೆ ಕಾಯಿ."

ಪರದೆಯ ಮುಖ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಕತ್ತಲಾಯಿತು. ನಾಚಿಕೆ ಎಂದಳು ಕ್ಯಾತಮ್ಮ. ನೆಟ್‌ವರ್ಕು ಎಂದರು ಚಿತ್ತಣ್ಣ.

ಕಾಯಿಯನ್ನು ಸೋಫಾದ ಮೇಲೆ ಇಟ್ಟು, ಬರುವ ವಾರವೇ ತಾಂಬೂಲ ಬದಲಾಯಿಸೋಣ ಎಂದು ಹೇಳಿ ಇಬ್ಬರೂ ನಾಲ್ಕು ಗಂಟೆಯ ಬಸ್ಸಿಗೆ ಹೊರಟರು. ಕೃಷ್ಣಕುಮಾರ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದ. ವಾಪಸ್ ಬರುವಾಗ ಅವನ ಕಾಲು ನೆಲದ ಮೇಲೆ ಇರಲಿಲ್ಲ. ಅವನಿಗೆ ಬಾಡಿಗೆಗೆ ಸಿಕ್ಕಿದ್ದು ನೆಲ ಮಾತ್ರ ಎನ್ನುವುದೂ ಮರೆತಿತ್ತು.

ಹಿತ್ತಲ ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಎತ್ತಿದರೆ ಒಂದು ತಗ್ಗಿದ ದನಿ.

"ನಾನು, ಮಂಜುಶ್ರೀ."

ಅವನು ಚೊಂಬು ಕೆಳಗಿಟ್ಟ.

"ಆ ಕಾಯಿ ನಿಮ್ಮವಾ?"

ಕೃಷ್ಣಕುಮಾರ ಅಷ್ಟು ಹೊತ್ತಿಗೆ ಹೆಣ್ಣಿನ ಅಪ್ಪನನ್ನು ಗೆದ್ದವನು. ಎದೆ ಸ್ವಲ್ಪ ಉಬ್ಬಿತ್ತು. "ಹೂಂ," ಎಂದ.

"ಅಂಗಾರೆ ಬ್ಯಾಡ ಬುಡಿ."

ಮಂಜುಶ್ರೀ ನಿಧಾನವಾಗಿ, ಬಹಳ ದಿನದಿಂದ ಒಳಗೇ ಹೇಳಿಕೊಂಡು ಬಂದವಳ ಹಾಗೆ, ಎಲ್ಲ ಹೇಳಿದಳು. ಹುಟ್ಟಿದಾಗಿನಿಂದ ಅಟ್ಟದ ಕೆಳಗೇ ಮಲಗಿದ್ದಾಳೆ. ಕಾಯಿ ಹೊತ್ತದ್ದು, ಏಣಿ ಹತ್ತಿದ್ದು, ಸುಲಿದದ್ದು, ಧೂಳು ಕೆಮ್ಮಿದ್ದು. ಅವ್ವ ಅದೇ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಶಾಲೆ ಬಿಡಿಸಿ ಇವಳನ್ನು ಏಣಿಗೆ ಹಚ್ಚಿದ್ದು. ಹುಚ್ಚರಂಗಯ್ಯನಿಗೆ ಅವಳು ಹೇಳಿದ್ದದ್ದು ಒಂದೇ ಕಂಡೀಷನ್ನು, ಅಟ್ಟದಲ್ಲಿ ಕಾಯಿ ಇರುವ ಮನೆ ಬೇಡ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದನಂತೆ. ಯಾವ ಕಡೆಯಿಂದ ಬರೆದುಕೊಂಡನೋ ಏನೋ.

"ನಿಮ್ಮ ಕೈ ಬೆಳ್ಳು ಕಪ್ಪಗಿದ್ದೋ. ಮೋಟಾರಿಂದು, ಮಟ್ಟೆ ಸುಲ್ದಿದ್ದಲ್ಲ ಅಂತ ಖುಷಿಯಾಗಿತ್ತು," ಎಂದಳು.

ಹಿತ್ತಲ ಬಾಗಿಲ ಕಡೆಯಿಂದ ಗುರುಶಾಂತಮ್ಮನೂ ರಾಧಾಮಣಿಯೂ ಹಗ್ಗ ಸುತ್ತಿದ ಏನನ್ನೋ ಎರಡು ಕಡೆ ಹಿಡಿದುಕೊಂಡು ಅವನ ಮನೆಯೊಳಗೆ ಹೋದದ್ದು ಅವನಿಗೆ ಕಂಡಿತು. ಕಂಡದ್ದು ತಲೆಗೆ ಹೋಗಲಿಲ್ಲ. ಅವನು ಆಗ ಜೀವಮಾನದಲ್ಲೇ ಅತಿ ವೇಗವಾಗಿ ಮಾತಾಡುತ್ತಿದ್ದ. ಕಾಯಿ ತನ್ನದಲ್ಲ, ಒಂದೂ ಅಲ್ಲ, ಮನೆಯೂ ತನ್ನದಲ್ಲ, ಸೋಫಾದೊಳಗಿರುವ ಮೋಟಾರೂ ತನ್ನದಲ್ಲ, ಸ್ಟವ್ ಸೂರ್ಯಪ್ರಕಾಶನದು, ಮನೆ ಹಿಡಿದದ್ದು ಇವತ್ತು ಮಧ್ಯಾಹ್ನ ಒಂದು ಗಂಟೆಗೆ, ತನ್ನ ಹೆಸರಲ್ಲಿ ಅಟ್ಟವಿರಲಿ ಒಂದು ಅಡಿ ಜಾಗವೂ ಇಲ್ಲ ಎಂದು ಉಸಿರು ಬಿಡದೆ ಒಪ್ಪಿಸಿದ. ತಾನು ಏನೂ ಇಲ್ಲದವನು ಎಂದು ಅಷ್ಟು ಆಸೆಯಿಂದ ಯಾರೂ ಯಾರಿಗೂ ಹೇಳಿಕೊಂಡಿರಲಿಕ್ಕಿಲ್ಲ.

ಆ ಕಡೆಯಿಂದ ಅದೇ ಸಣ್ಣ ನಗು.

"ಅಂಗಾರೆ ನಂಗೆ ಒಪ್ಗೆ."

ಕೃಷ್ಣಕುಮಾರ ಬಾವಿಯ ಕಟ್ಟೆಯ ಮೇಲೆ ಕೂತ.

"ಆದ್ರೆ ಅಪ್ಪ ಬಸ್ಸಿಂದ್ಲೇ ಹಟ್ಟಿಗೆಲ್ಲ ಫೋನ್ ಮಾಡವ್ರೆ. ಅಳಿಯನ ಅಟ್ಟದಾಗೆ ಹತ್ತು ಸಾವ್ರ ಕಾಯಿ ಅಂತ. ಈಗ ಕಾಯಿ ನಿಮ್ಮವಲ್ಲ ಅಂದ್ರೆ ಅಪ್ಪ ಕೊಡಾಕಿಲ್ಲ. ನಿಮ್ಮವು ಅಂದ್ರೆ ನಾನು ಬರಾಕಿಲ್ಲ. ಅಪ್ಪಂಗೆ ಯಾವ್ದು ಹೇಳ್ಲಿ?"

ಬೇರೆ ಮನೆ ನೋಡುತ್ತೇನೆ ಎಂದ ಅವನು. ಅಟ್ಟ ಇಲ್ಲದ್ದನ್ನು ಅಪ್ಪ ಮನೆ ಎನ್ನುವುದಿಲ್ಲ ಎಂದಳು. ಸದ್ಯಕ್ಕೆ ಸುಮ್ಮನಿದ್ದು ಆಮೇಲೆ ಹೇಳೋಣ ಎಂದ. ಸುಳ್ಳು ತನಗೆ ಬರುವುದಿಲ್ಲ ಎಂದಳು. ಅದು ತನಗೂ ಬೆಳಗ್ಗೆವರೆಗೂ ಬರುತ್ತಿರಲಿಲ್ಲ ಎಂದು ಅವನು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಹಟ್ಟಿಯಲ್ಲಿ ಯಾರೋ ಅವಳನ್ನು ಏಣಿ ಹತ್ತಲು ಕೂಗಿದರು. ನಿಧಾನಕ್ಕೆ ಯೋಚನೆ ಮಾಡಿ ಹೇಳಿ ಎಂದು ಮಂಜುಶ್ರೀ ಫೋನು ಇಟ್ಟಳು.

ಅವನು ಮನೆಯೊಳಗೆ ಬಂದಾಗ ಮಲ್ಲಿಕಾರ್ಜುನಯ್ಯ ಹರಾಜಿನಿಂದ ಬಂದು ನಡುಮನೆಯಲ್ಲಿ ನಿಂತಿದ್ದರು. ಸೋಫಾದ ಮೇಲಿದ್ದ ಕಾಯಿ ಅವರ ಕೈಯಲ್ಲಿತ್ತು. ಇದು ಕೆಳಗೆ ಹೇಗೆ ಬಂತು ಎಂದು ಕೇಳಿದರು. ಇಲಿ ಇರಬೇಕು ಎಂದ ಕೃಷ್ಣಕುಮಾರ.

"ಇದನ್ನ ಹೊತ್ತು ತಂದು ಸೋಫಾ ಮೇಲೆ ಇಡೋ ಇಲಿಗೂ ಬಾಡಿಗೆ ಹಾಕ್ಬೇಕಾಗ್ತದೆ," ಎಂದರು ಮಲ್ಲಿಕಾರ್ಜುನಯ್ಯ.

ಗುರುಶಾಂತಮ್ಮನಿಗೆ ಕಾಯಿಯ ಯೋಚನೆ ಇರಲಿಲ್ಲ. ಮಗುವನ್ನು ದಿನಾ ಎರಡು ಹೊತ್ತು ಅಲ್ಲಾಡಿಸಿ ಹೊಗೆಗೆ ಇಡುವ ಜನದ ಮಧ್ಯೆ ಅದು ಇನ್ನೊಂದು ದಿನವೂ ಇರಬಾರದು ಎಂದು ಅವರು ಗಂಡನಿಗೂ ಬೀದಿಗೂ ಹೇಳಿ ಆಗಿತ್ತು. ಹದಿನೈದು ದಿನ ಕೊಡುತ್ತೇವೆ, ಅಷ್ಟರೊಳಗೆ ಹೆಂಡತಿ ಮಗು ಈ ಮನೆಯಲ್ಲಿರಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡು, ಅಂಥ ತಂದೆಗೆ ನಮ್ಮ ಮನೆ ಕೊಡುವುದಿಲ್ಲ ಎಂದರು. ಬೆಳಗ್ಗೆ ಅವನಿಗೆ ಬೇಕಾಗಿದ್ದದ್ದು ಒಬ್ಬಳು ಹೆಂಡತಿ ಮಾತ್ರ. ಸಂಜೆಯ ಹೊತ್ತಿಗೆ ಸಂಸಾರ ಬೆಳೆದಿತ್ತು.

ಅಟ್ಟದ ತೊಲೆಗೆ ಹಗ್ಗ ಬಿಗಿದು ರಾಧಾಮಣಿಯ ಮನೆಯ ತೊಟ್ಟಿಲು ಕಟ್ಟಿದ್ದರು. ಒಳಗೆ ಹಳೆಯ ಸೀರೆ ಮಡಿಸಿ ಹಾಸಿದ್ದರು. ಕೃಷ್ಣಕುಮಾರ ಹತ್ತಿರ ಹೋಗಿ, ಏನು ಮಾಡಬೇಕೋ ತೋಚದೆ, ಅದಕ್ಕೆ ಕೈ ಹಾಕಿದ.

"ಖಾಲಿ ತೊಟ್ಟಿಲು ತೂಗಬಾರ್ದು ಕಣಪ್ಪ, ಅಪಶಕುನ," ಎಂದರು ಗುರುಶಾಂತಮ್ಮ. ಗಂಡನ ಕೈಯಿಂದ ಕಾಯಿಯನ್ನು ಇಸಿದುಕೊಂಡು ಅದರ ಜುಟ್ಟನ್ನು ಸರಿಮಾಡಿ, ಮೆಲ್ಲಗೆ ತೊಟ್ಟಿಲಲ್ಲಿ ಮಲಗಿಸಿದರು. "ಪಾಪು ಬರೋವರ್ಗೂ ಇದಿರ್ಲಿ. ಈಗ ತೂಗು."

ಕೃಷ್ಣಕುಮಾರ ತೂಗಿದ.

ಒಳಗೆ ಲೊಡಲೊಡ ಎಂದಿತು. ಹತ್ತು ತಿಂಗಳು ತುಂಬಿತ್ತು.